ಮೈನರ್ ಲೀಗ್ ಮೈದಾನದಲ್ಲಿ ಚೆಂಡು, ಆಟೋಗ್ರಾಫ್ ಗಿಟ್ಟಿಸೋದು ಹೇಗೆ?

ಕ್ರಿಕೆಟ್‌ನಲ್ಲಿ ಸಿಕ್ಸರ್ ಚೆಂಡು ಕೈಗೆ ಸಿಕ್ಕರೂ ವಾಪಸ್ ಎಸೆಯಬೇಕು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಹಾಗಿಲ್ಲ, ಸ್ಟ್ಯಾಂಡ್‌ಗೆ ಬಂದ ಚೆಂಡು ಹಿಡಿದವರದ್ದೇ. ಅಲ್ಲಿನ ಅತಿ ದೊಡ್ಡ ಮಟ್ಟವಾದ ಮೇಜರ್ ಲೀಗ್‌ನಲ್ಲಿ ಅದಕ್ಕೆ ಸಾವಿರಾರು ಜನ ಕೈ ಚಾಚಿರುತ್ತಾರೆ. ಅದಕ್ಕಿಂತ ಕೆಳಗಿನ ಹಂತವಾದ ಮೈನರ್ ಲೀಗ್‌ನಲ್ಲಿ ನುಗ್ಗಾಟ ಕಡಿಮೆ, ಆಟಗಾರರೂ ಹತ್ತಿರ.

ನಾನು ಹೋಗೋದು ನಾರ್ತ್ ಕ್ಯಾರೊಲಿನಾದ ಡರ್ಹಮ್ ಬುಲ್ಸ್ ತಂಡದ ಮೈದಾನಕ್ಕೆ. 1995ರಲ್ಲಿ ಶುರುವಾದದ್ದು, ಸುಮಾರು 10,000 ಜನ ಹಿಡಿಸುತ್ತದೆ. ಲೆಫ್ಟ್ ಫೀಲ್ಡ್ ಗೋಡೆ ಮೇಲೆ ದೊಡ್ಡ ಗೂಳಿಯ ಬೋರ್ಡ್ ಇದೆ. ಹೋಮ್ ರನ್ (ನಮ್ಮ ಸಿಕ್ಸರ್ ಥರ) ಚೆಂಡು ಗೂಳಿಗೆ ಬಡಿದರೆ ಆಟಗಾರನಿಗೆ ಸ್ಟೇಕ್, ಕೆಳಗಿನ ಹುಲ್ಲಿನ ಚಿತ್ರಕ್ಕೆ ಬಡಿದರೆ ಸಲಾಡ್. ನಮ್ಮಂಥ ಪುಳಿಚಾರು ಗಿರಾಕಿಗಳು ಹುಲ್ಲಿಗೇ ಗುರಿ ಇಡಬೇಕು, ಅಲ್ವಾ?

ಮೊದಲು ದಿನ ನೋಡಿಕೊಳ್ಳಿ. 2021ರಿಂದ ಒಂದು ಸರಣಿ ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ, ಸೋಮವಾರ ರಜೆ. ವಾರದ ಮಧ್ಯೆ ಹೋದರೆ ಜನ ಕಡಿಮೆ. ಗೇಟ್ ತೆಗೆದ ತಕ್ಷಣ ಒಳಗೆ ನುಗ್ಗಿ. ಆಟಗಾರರು ಮೈ ಸಡಿಲಿಸಿಕೊಂಡು ಡಗ್‌ಔಟ್ ಕಡೆ ವಾಪಸ್ ಬರುವ ಆ ಹತ್ತು ನಿಮಿಷವೇ ಆಟೋಗ್ರಾಫ್‌ಗೆ ಒಳ್ಳೆ ಹೊತ್ತು.

ಕಂಬಿ ಪಕ್ಕ ನಿಂತು ಸುಮ್ನೆ "ಹಲೋ ಹಲೋ" ಅಂದರೆ ಯಾರೂ ತಿರುಗುವುದಿಲ್ಲ. ತಂಡದ ಪಟ್ಟಿಯನ್ನು ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ, ಬೆನ್ನಿನ ನಂಬರ್ ನೋಡಿ ಹೆಸರು ಹಿಡಿದು ಕರೆಯಿರಿ. ಅವತ್ತು ಪಿಚ್ ಮಾಡುವವನನ್ನು (ಬ್ಯಾಟರ್‌ಗೆ ಚೆಂಡೆಸೆಯುವ ಪಿಚರ್) ಮಾತ್ರ ಬಿಟ್ಟುಬಿಡಿ, ಅವನ ತಲೆಯಲ್ಲಿ ಬೇರೆ ಏನೂ ಇರುವುದಿಲ್ಲ. ಇವತ್ತು ಹೆಸರೇ ಕೇಳದ ಹುಡುಗ ನಾಳೆ ಏನಾಗುತ್ತಾನೋ! 2016ರಲ್ಲಿ ಡರ್ಹಮ್‌ನಲ್ಲಿ ಪಿಚ್ ಮಾಡಿದ್ದ ಬ್ಲೇಕ್ ಸ್ನೆಲ್ 2018ರಲ್ಲಿ ಮೇಜರ್ ಲೀಗ್‌ನ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ.

ಇನ್ನು ಪೆನ್. ನಾನು ಮೊದಲ ಸಲ ದಪ್ಪ ಮಾರ್ಕರ್ ಕೊಟ್ಟಿದ್ದೆ. ಒಂದೆರಡು ವರ್ಷದಲ್ಲಿ ಶಾಯಿ ಚರ್ಮದೊಳಗೆ ಹರಡಿ, ಸಹಿ ಹೋಗಿ ಸೊಳ್ಳೆ ಹೊಡೆದ ಕಲೆಯ ಹಾಗಾಯಿತು. ಚೆಂಡಿಗೆ ನೀಲಿ ಬಾಲ್ ಪಾಯಿಂಟ್ ಪೆನ್ನೇ ಸರಿ, ಮಾರ್ಕರ್ ಆಟಗಾರರ ಚಿತ್ರವಿರುವ ಕಾರ್ಡ್‌ಗೆ ಇರಲಿ. ಹೊಲಿಗೆಯ ಎರಡು ಸಾಲು ತೀರಾ ಹತ್ತಿರ ಬರುವ, ಮುದ್ರೆ ಇಲ್ಲದ ಬಿಳಿ ಪಟ್ಟಿ ಇರುತ್ತದಲ್ಲ, ಅದನ್ನೇ ಮೇಲೆ ಮಾಡಿ ಕೊಡಿ. ಒಂಟಿ ಸಹಿಗೆ ಅದೇ ಜಾಗ.

ಆಟದ ಚೆಂಡು ಬೇಕಾ? ಫೀಲ್ಡ್ ಮಾಡುತ್ತಿರುವ ತಂಡದ ಡಗ್‌ಔಟ್ ಹಿಂದೆ ಕೂತಿರಿ. ಮೂರನೇ ಔಟ್ ಆಗಿ ಅವರ ಫೀಲ್ಡಿಂಗ್ ಸರದಿ ಮುಗಿದಮೇಲೆ ಚೆಂಡು ಕೈಯಲ್ಲಿದ್ದವನು, ಜಾಸ್ತಿ ಸಲ ಫಸ್ಟ್ ಬೇಸ್‌ಮನ್ (ಮೊದಲ ಬೇಸ್ ಕಾಯುವ ಫೀಲ್ಡರ್), ಒಳಗೆ ಹೋಗುವಾಗ ಅದನ್ನು ಸ್ಟ್ಯಾಂಡ್‌ಗೆ ಎಸೆಯುವುದುಂಟು. ಪಕ್ಕದಲ್ಲಿ ಮಗು ಕೈ ಚಾಚಿದ್ದರೆ ಆಸೆ ಬಿಡಿ, ಚೆಂಡು ಆ ಕಡೆಗೇ. ಫೌಲ್ ಬಾಲ್ (ಬ್ಯಾಟ್‌ಗೆ ತಗುಲಿ ಗೆರೆಯಾಚೆ ಹೋಗುವ ಚೆಂಡು) ಬೇಕಿದ್ದರೆ, ಪ್ರೇಕ್ಷಕರ ರಕ್ಷಣೆಗೆ ಕಟ್ಟಿದ ಬಲೆ ಮುಗಿಯುವ ಕಡೆ ಕೂತು ಗ್ಲವ್ ಹಾಕಿಕೊಳ್ಳಿ, ಮೊಬೈಲ್ ಜೇಬಿಗೆ ಹಾಕಿ. ಸುಮಾರು 145 ಗ್ರಾಂ ತೂಕದ ಗಟ್ಟಿ ಚೆಂಡು, ಬರಿಗೈಯಲ್ಲಿ ಹಿಡಿಯಲು ಹೋದರೆ ಬೆರಳು ಹೋಗುತ್ತದೆ.

ಸಿಕ್ಕ ಚೆಂಡು ಮಾಸಲು ಬಣ್ಣಕ್ಕಿದೆ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಪಿಚರ್‌ಗೆ ಹಿಡಿತ ಸಿಗಲಿ ಅಂತ ಆಟಕ್ಕೆ ಮೊದಲೇ ಚೆಂಡಿಗೆ ಕೆಸರು ತಿಕ್ಕಿರುತ್ತಾರೆ. ಆ ಮಣ್ಣಿನ ಬಣ್ಣವೇ ಅದು ಅಂಗಡಿಯದ್ದಲ್ಲ ಅನ್ನುವುದಕ್ಕೆ ಗುರುತು. ಸಹಿ ಮಾಡಿಸಿದ ಚೆಂಡನ್ನು ಪಾರದರ್ಶಕ ಡಬ್ಬಿಯಲ್ಲಿ ಹಾಕಿ, ಬಿಸಿಲು ಬೀಳದ ಕಪಾಟಿನಲ್ಲಿಡಿ. ನನ್ನದೊಂದು ಕಿಟಕಿ ಪಕ್ಕ ಇತ್ತು. ಈಗ ಅದರ ಸಹಿ ಕಾಣಬೇಕಾದರೆ ಕನ್ನಡಕ ಬೇಕು.