ಸೈಕಸ್ ಚಿಗುರಿನಲ್ಲಿ ಪುಟ್ಟ ನೀಲಿ ಚಿಟ್ಟೆ ಸಾಕಿದ ನನ್ನ ಅನುಭವ

ಸೈಕಸ್ ಅಂದರೆ ನೋಡಲು ತಾಳೆಯ ಹಾಗಿರುವ ಅಲಂಕಾರದ ಗಿಡ. ಅದನ್ನು ಇಟ್ಟವರು ಯಾವಾಗಲೂ ಕೇಳುವ ಪ್ರಶ್ನೆ ಒಂದಿದೆ. ಹೊಸ ಎಲೆ ಬಂದಿದ್ದೇ ತಡ, ಯಾವುದೋ ಹುಳ ತಿಂದು ಬರೀ ಕಡ್ಡಿ ಉಳಿಸುತ್ತೆ, ಏನು ಔಷಧಿ ಹೊಡೀಬೇಕು ಅಂತ. ಆ ಹುಳ ಪ್ಲೇನ್ಸ್ ಕ್ಯೂಪಿಡ್ ಅನ್ನೋ ಚಿಟ್ಟೆಯ ಮರಿ. ರೆಕ್ಕೆ ಬಿಚ್ಚಿದರೂ ಮೂರು ಸೆಂಟಿಮೀಟರ್ ಆಸುಪಾಸು ಅಷ್ಟೇ. ನಾನಂತೂ ಔಷಧಿ ಹೊಡೆಯುವುದಿಲ್ಲ, ಅದನ್ನೇ ಸಾಕುತ್ತೇನೆ.

ಇದರ ಬದುಕು ಪೂರ್ತಿ ನಿಂತಿರುವುದು ಚಿಗುರಿನ ಮೇಲೆ. ಬಲಿತ ಎಲೆ ತೊಗಲಿನ ಹಾಗೆ ಗಟ್ಟಿ, ಮರಿಹುಳಕ್ಕೆ ಕಚ್ಚಲು ಆಗುವುದಿಲ್ಲ. ಹಾಗಾಗಿ ಗಿಡದ ನೆತ್ತಿಯಲ್ಲಿ ಚಿಗುರು ಕಂಡ ಕೂಡಲೇ ನಾನು ದಿನಾ ಭೂತಗನ್ನಡಿ ಹಿಡಿದು ಮೊಟ್ಟೆ ಹುಡುಕುತ್ತೇನೆ. ಚಪ್ಪಟೆ, ಹಸಿರು ಬೆರೆತ ಬಿಳಿ, ಗುಂಡುಸೂಜಿ ತಲೆಗಿಂತ ಚಿಕ್ಕದು.

ಮರಿಹುಳ ಬೇಕಾದರೆ ಇರುವೆ ಎಲ್ಲಿ ಗುಂಪಾಗಿವೆ ನೋಡಿ. ಹುಳ ಹಸಿರಿರಬಹುದು, ಕೆಂಪು ನೇರಳೆಯೂ ಇರಬಹುದು. ಇರುವೆ ಮೀಸೆಯಿಂದ ಅದರ ಬೆನ್ನಿನ ಹಿಂಭಾಗವನ್ನು ತಟ್ಟುತ್ತಾ ನಿಂತಿರುತ್ತದೆ, ಸ್ವಲ್ಪ ಹೊತ್ತಿಗೆ ಅಲ್ಲಿನ ಗ್ರಂಥಿಯಿಂದ ಒಂದು ಸಣ್ಣ ಸಿಹಿ ಹನಿ ಉಬ್ಬಿ ಬರುತ್ತದೆ, ಇರುವೆ ಹೀರಿಕೊಂಡು ಮತ್ತೆ ತಟ್ಟಲು ಶುರು ಮಾಡುತ್ತದೆ. ಇರುವೆ ಸುತ್ತ ಇದ್ದರೆ ಶತ್ರುಗಳ ಕಾಟವೂ ಕಡಿಮೆ. ಇದನ್ನು ಸುಮ್ನೆ ಕೂತು ನೋಡುವುದೇ ಒಂದು ಖುಷಿ.

ಡಬ್ಬಿಯಲ್ಲಿ ಸಾಕುವಾಗ ಹುಳವನ್ನು ಕೈಯಲ್ಲಿ ಕೀಳುವುದಿಲ್ಲ, ಚಿಗುರಿನ ತುಂಡಿನ ಸಮೇತ ತರುತ್ತೇನೆ. ತಳಕ್ಕೆ ಟಿಶ್ಯೂ, ಮೇಲೆ ತೆಳು ಬಟ್ಟೆ. ದಿನಾ ಹಿಕ್ಕೆ ತೆಗೆದು ಹೊಸ ಚಿಗುರು ಹಾಕಬೇಕು, ಚಿಗುರು ಕಡಿಮೆ ಇದ್ದರೆ ಜಾಸ್ತಿ ಹುಳ ತರಲೇಬೇಡಿ. ಇರುವೆ ಇಲ್ಲದೆಯೂ ಬೆಳೆಯುತ್ತವೆ. ವಾರ ಹತ್ತು ದಿನಕ್ಕೆ ತಿನ್ನುವುದು ನಿಲ್ಲಿಸಿ ಟಿಶ್ಯೂ ಮಡಿಕೆಗೆ ನುಸುಳಿ ಕೋಶವಾಗುತ್ತದೆ, ಗಿಡದಲ್ಲಾದರೆ ಎಲೆಬುಡದ ಸಂದಿಗೆ ಇಳಿಯುತ್ತದೆ. ಇನ್ನೊಂದು ವಾರದ ಹೊತ್ತಿಗೆ ಕೋಶ ಕಪ್ಪಾದರೆ ಚಿಟ್ಟೆ ಬರುವುದು ಹತ್ತಿರ ಅಂತ ಲೆಕ್ಕ. ಗಂಡು ನೀಲಿ ನೇರಳೆ, ಹೆಣ್ಣಿಗೆ ಕಂದು ಅಂಚು ಅಗಲ. ಹಿಂದಿನ ರೆಕ್ಕೆಯಲ್ಲಿ ಕಿತ್ತಳೆ ಬಳಿದ ಕಪ್ಪು ಚುಕ್ಕಿ, ಪಕ್ಕದಲ್ಲೇ ಎಳೆಯಷ್ಟು ತೆಳು ಬಾಲ. ರೆಕ್ಕೆ ಒಣಗುವ ತನಕ ಮುಟ್ಟಬೇಡಿ.

ಗಿಡ ಸತ್ತುಹೋಗಲ್ವಾ ಅಂತ ಹೆದರಬೇಡಿ, ದೊಡ್ಡ ಗಿಡ ಮತ್ತೆ ಚಿಗುರುತ್ತದೆ. ಎಳೆ ಗಿಡಕ್ಕೆ ಮಾತ್ರ ಎಲೆ ಬಲಿಯುವವರೆಗೆ ಸೊಳ್ಳೆಪರದೆ ಬಟ್ಟೆ ಕಟ್ಟಿ. ಆದರೆ ಈ ಚಿಟ್ಟೆಯನ್ನು ಅದರ ಊರಲ್ಲದ ಕಡೆ ಬಿಡಲೇಬಾರದು. 2005ರಲ್ಲಿ ಇದು ಪೆಸಿಫಿಕ್ ಸಾಗರದ ಗ್ವಾಮ್ ದ್ವೀಪಕ್ಕೆ ಕಾಲಿಟ್ಟು ಅಲ್ಲಿನ ಕಾಡು ಸೈಕಸ್‌ಗಳ ಚಿಗುರಿಗೇ ಬಾಯಿ ಹಾಕಿತು. ನಾನು ಸಾಕಿದ ಚಿಟ್ಟೆಗಳನ್ನು ಮೊಟ್ಟೆ ಸಿಕ್ಕ ಗಿಡದ ಹತ್ತಿರವೇ ಬಿಡುತ್ತೇನೆ, ಚಿಗುರಿರುವ ಸೈಕಸ್ ಗಿಡವನ್ನು ದೂರದೂರಿಗೆ ಯಾರಿಗೂ ಕಳಿಸುವುದಿಲ್ಲ.