ಗುಜರಿಗೆ ಹೊರಟಿದ್ದ ಲ್ಯಾಪ್‌ಟಾಪ್ ಸ್ಟುಡಿಯೊದ ಸರ್ವರ್ ಆದದ್ದು

ನಮ್ಮ ಸ್ಟುಡಿಯೊದ ಹಳೆಯ ಲ್ಯಾಪ್‌ಟಾಪಿನ ಬಲಗಡೆಯ ಹಿಂಜ್ ಮುರಿದು, ಡಿಸ್‌ಪ್ಲೇ ಕೇಬಲ್ ಹರಿದು, ಬ್ಯಾಟರಿಯೂ ಐದೇ ನಿಮಿಷಕ್ಕೆ ಕೈಕೊಡತೊಡಗಿದಾಗ, ರಿಪೇರಿಯವರು ಅದಕ್ಕೆ ಎಂಟುನೂರು ರೂಪಾಯಿ ಗುಜರಿ ಬೆಲೆ ಕಟ್ಟಿದರು. ಅದನ್ನೇ ಫೋಟೊ ಬ್ಯಾಕಪ್ಪಿಗೆ ಇಟ್ಟುಕೊಳ್ಳುತ್ತೇನೆ ಎಂದಾಗ, ನನ್ನ ಜೊತೆ ವಿಡಿಯೊ ಮಾಡುವ ಹುಡುಗ, "ಅಣ್ಣಾ, ಮದುವೆ ಫೋಟೊ ಹೋದರೆ ಹೆಣ್ಣಿನ ಅಪ್ಪನಿಗೆ ನೀವೇ ಉತ್ತರ ಹೇಳಬೇಕು" ಎಂದು ನಕ್ಕಿದ್ದ. ಆ ಮಾತಿಗೆ ಹದಿನಾಲ್ಕು ತಿಂಗಳಾಗಿರಬಹುದು. ಈ ನಡುವೆ ಸುಮಾರು ನಲವತ್ತು ಮದುವೆ, ಉಪನಯನ, ಗೃಹಪ್ರವೇಶಗಳ ಚಿತ್ರಗಳು ಅದರೊಳಗೆ ಸೇರಿವೆ. ಒಂದು ಫೈಲೂ ಹೋಗಿಲ್ಲ.

ಯಂತ್ರದ ಪ್ರೊಸೆಸರ್ ಇಂಟೆಲ್‌ನ ಮೂರನೇ ತಲೆಮಾರಿನ ಐ3, ರ‍್ಯಾಮ್ 4 ಜಿಬಿ. ಹಳೆಯ ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿ, ಟಿವಿಗೆ ಎಚ್‌ಡಿಎಂಐ ಜೋಡಿಸಿ, ಡೆಬಿಯನ್ 12 ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಇನ್‌ಸ್ಟಾಲ್ ಮಾಡಿದೆ. ಆಮೇಲೆ ಎರಡು ದಿನ ತಲೆ ಕೆಟ್ಟುಹೋಯಿತು. ಒಮ್ಮೆ ಸರಿಯಾಗಿ ಬೂಟ್ ಆದರೆ ಮತ್ತೊಮ್ಮೆ ಮೆನುವಿನಲ್ಲೇ ನಿಂತುಬಿಡುತ್ತಿತ್ತು. ಎಸ್‌ಎಸ್‌ಡಿಯನ್ನು ಅನುಮಾನಿಸಿದೆ, ಮೂರು ಸಲ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಕೊನೆಗೆ ನೋಡಿದರೆ, ಎಂದೋ ಚಹಾ ಚೆಲ್ಲಿದ್ದ ಕೀಬೋರ್ಡಿನಲ್ಲಿ ಎಸ್ಕೇಪ್ ಕೀ ತನ್ನಷ್ಟಕ್ಕೆ ತಾನೇ ಒತ್ತಿಕೊಳ್ಳುತ್ತಿತ್ತು. ಕೀಬೋರ್ಡಿನ ಪಟ್ಟಿ ಕೇಬಲನ್ನು ಬೋರ್ಡಿನಿಂದ ಕಳಚಿದ ಕ್ಷಣವೇ ಕಾಯಿಲೆ ವಾಸಿಯಾಯಿತು. ಪವರ್ ಬಟನ್ ಬೇರೆ ಕೇಬಲಿನಲ್ಲಿದ್ದದ್ದು ನನ್ನ ಪುಣ್ಯ. ಕೀಬೋರ್ಡಿನಲ್ಲೇ ಬಟನ್ ಇರುವ ಮಾಡೆಲ್ಲುಗಳಲ್ಲಿ ಈ ದಾರಿ ನಡೆಯುವುದಿಲ್ಲ.

ಬೇರೆ ಕಂಪ್ಯೂಟರುಗಳೊಡನೆ ಫೈಲು ಹಂಚಿಕೊಳ್ಳುವ ಸಾಂಬಾ, ಫೈಲುಗಳ ಪ್ರತಿ ಮಾಡುವ ಆರ್‌ಸಿಂಕ್ ಪ್ರೋಗ್ರಾಮುಗಳನ್ನು ಇಲ್ಲಿ ವಿವರಿಸುವುದಿಲ್ಲ. ಆದರೆ ನೆಟ್‌ವರ್ಕ್ ಕೇಬಲ್ ಚುಚ್ಚುವ ಲ್ಯಾನ್ ಪೋರ್ಟಿನ ಬಗ್ಗೆ ಹೇಳಲೇಬೇಕು. ಅದರ ವೇಗ ಸೆಕೆಂಡಿಗೆ ಬರೀ 100 ಮೆಗಾಬಿಟ್ ಎಂಬುದನ್ನು ನಾನು ಮೊದಲು ಗಮನಿಸಿರಲಿಲ್ಲ. ಸೆಕೆಂಡಿಗೆ 11 ಮೆಗಾಬೈಟ್ ದಾಟದೆ, 64 ಜಿಬಿಯ ಒಂದು ಕಾರ್ಡ್ ಇಳಿಸಲು ಒಂದೂವರೆ ಗಂಟೆಗೂ ಹೆಚ್ಚು ಹಿಡಿಯುತ್ತಿತ್ತು. "ನೋಡಿದಿರಾ, ನಾನು ಹೇಳಿರಲಿಲ್ಲವೇ?" ಎಂಬ ಆ ಹುಡುಗನ ಮಾತನ್ನೂ ಕೇಳಬೇಕಾಯಿತು. ಹತ್ತು ಪಟ್ಟು ವೇಗದ, ಒಂಬೈನೂರು ರೂಪಾಯಿಯ ಗಿಗಾಬಿಟ್ ಲ್ಯಾನ್ ಅಡಾಪ್ಟರನ್ನು ಯುಎಸ್‌ಬಿ 3 ಪೋರ್ಟಿಗೆ ಚುಚ್ಚಿದ ಮೇಲೆ ಅದೇ ಕಾರ್ಡ್ ಹದಿನೈದು ನಿಮಿಷದೊಳಗೆ ಇಳಿಯುತ್ತದೆ.

ನಿಜವಾಗಿ ಸತಾಯಿಸಿದ್ದು ಕರೆಂಟು. ಮಲೆನಾಡಿನ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಹೋಗಿ ಬರುತ್ತದೆಂದು ಲೆಕ್ಕ ಇಡುವವರಿಲ್ಲ. ಬ್ಯಾಟರಿ ತೆಗೆದುಹಾಕಿದ್ದರಿಂದ, ಇನ್ವರ್ಟರ್ ಇದ್ದರೂ ಅದು ಬದಲಾಗುವ ಅರೆಗಳಿಗೆಯಲ್ಲಿ ಯಂತ್ರ ಸತ್ತುಹೋಗುತ್ತಿತ್ತು. ಮೊದಲ ಜೂನಿನಲ್ಲಿ ಎರಡು ಬಾರಿ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕೆಟ್ಟಿತು. ಮೆಮೊರಿ ಕಾರ್ಡುಗಳನ್ನು ಅಳಿಸಿರದ ಕಾರಣ ಮಾನ ಉಳಿಯಿತು. ಆಮೇಲೆ ಇನ್ವರ್ಟರಿನ ಹಿಂಬದಿಯ ಸಣ್ಣ ಸ್ವಿಚ್ಚನ್ನು, ಕರೆಂಟು ಹೋದೊಡನೆ ತಡವಿಲ್ಲದೆ ಬದಲಾಗುವ ಯುಪಿಎಸ್ ಮೋಡಿಗೆ ತಿರುಗಿಸಿದೆ, ಅಷ್ಟೇ. ಇದಕ್ಕೂ ಒಂದು ದಂಡ ತೆರಬೇಕಾಯಿತು: ಆ ಮೋಡಿನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಇನ್ವರ್ಟರ್ ತನ್ನ ಬ್ಯಾಟರಿಗೆ ಹೊರಳಿಬಿಡುತ್ತದೆ. ನಮ್ಮ ಬೀದಿಯಲ್ಲಿ ಸಂಜೆ ಪಂಪ್‌ಸೆಟ್ಟುಗಳು ಶುರುವಾದರೆ ವೋಲ್ಟೇಜ್ ಅಲ್ಲಿಗೇ ಬಂದು ನಿಲ್ಲುವುದರಿಂದ, ಭಾರದ ಕೆಲಸವನ್ನೆಲ್ಲ ರಾತ್ರಿ ಒಂದು ಗಂಟೆಯ ಮೇಲಕ್ಕೆ ಹಾಕಿದ್ದೇನೆ. ಇನ್ವರ್ಟರೂ ಬರಿದಾದ ದಿನ ಯಂತ್ರ ಮರುದಿನ ಬೆಳಿಗ್ಗೆ 6ಕ್ಕೆ ಬಯಾಸ್ (ಯಂತ್ರದ ಬೋರ್ಡಿನೊಳಗಿನ ಮೂಲ ಪ್ರೋಗ್ರಾಮ್) ಅಲಾರಂನಿಂದ ತಾನಾಗಿ ಏಳುತ್ತದೆ. ಹಗಲಿನಲ್ಲಿ ಕರೆಂಟು ಬಂದೊಡನೆ ಅದನ್ನು ಎಬ್ಬಿಸಲು ಬೇರೊಂದು ಉಪಾಯ ಮಾಡಿದ್ದೇನೆ. ಅದಕ್ಕೆ ಮೂರು ವಾರ ಒದ್ದಾಡಿರುವುದರಿಂದ ಇಲ್ಲಿ ಬಿಡಿಸಿ ಹೇಳುವುದಿಲ್ಲ.

ಪರದೆ ಇಲ್ಲದೆ ಯಂತ್ರ 14 ವ್ಯಾಟಿನ ಆಸುಪಾಸು ಎಳೆಯುತ್ತದೆ, ಅಂದರೆ ತಿಂಗಳಿಗೆ ಹತ್ತು ಯೂನಿಟ್. ಮುಚ್ಚಳವನ್ನು ಪೂರ್ತಿ ಕಳಚಿ, ತಳಭಾಗವನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿದ ಮೇಲೆ ಬಿಸಿಯೂ ಏಳೆಂಟು ಡಿಗ್ರಿ ಇಳಿಯಿತು. ಆ ಬಿಸಿಗೆ ಮಳೆಗಾಲದಲ್ಲಿ ಕಟ್ಟಿರುವೆಗಳು ಮೊಟ್ಟೆ ಸಮೇತ ಬಂದು ಸ್ಪೀಕರಿನ ಗೂಡಿನಲ್ಲಿ ಸಂಸಾರ ಹೂಡಿದ್ದವು. ಬ್ರಷ್ಷಿನಿಂದ ಗುಡಿಸಿ, ರಂಧ್ರಕ್ಕೆ ಸೊಳ್ಳೆಪರದೆಯ ತುಂಡು ಅಂಟಿಸಿದ್ದೇನೆ.

ಕಳಚಿದ ಮುಚ್ಚಳದಲ್ಲಿದ್ದ ಪರದೆಯ ಪ್ಯಾನೆಲ್ ಚೆನ್ನಾಗಿಯೇ ಇತ್ತು, ಬಿಸಾಡಲು ಮನಸ್ಸಾಗಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಾವಿರದ ಇನ್ನೂರು ಕೊಟ್ಟು, ಪ್ಯಾನೆಲ್ಲನ್ನು ಬೇರೆ ಮಾನಿಟರಿನಂತೆ ನಡೆಸುವ ಒಂದು ಕಂಟ್ರೋಲರ್ ಬೋರ್ಡ್ ತಂದೆ. ಅದರೊಳಗಿನ ಪ್ರೋಗ್ರಾಮ್ ಬೇರೆ ರೆಸಲ್ಯೂಷನ್ನಿನದಾಗಿದ್ದು, ಮದುಮಕ್ಕಳು ಎರಡೆರಡಾಗಿ, ಅದೂ ಹಸಿರು ಬಣ್ಣದಲ್ಲಿ ಕಂಡರು. ಆ ಹಣ ನೀರಿನಲ್ಲಿ ಹೋಮವಾಯಿತು. ಎರಡನೇ ಸಲ ಪ್ಯಾನೆಲ್ಲಿನ ಬೆನ್ನಿನ ಮೇಲಿರುವ ಪೂರ್ತಿ ನಂಬರನ್ನು ಅಂಗಡಿಗೆ ಕಳಿಸಿ, 1366×768ಕ್ಕೆಂದೇ ಪ್ರೋಗ್ರಾಮ್ ಹಾಕಿಸಿದ, 40 ಪಿನ್ನಿನ ಎಲ್‌ವಿಡಿಎಸ್ (ಪ್ಯಾನೆಲ್ಲಿಗೆ ಚಿತ್ರ ಸಾಗಿಸುವ ಒಂದು ಬಗೆಯ ಜೋಡಣೆ) ಬೋರ್ಡನ್ನು ತರಿಸಿದೆ, ಸಾವಿರದ ಆರುನೂರಾಯಿತು. ಬಡಗಿಯಿಂದ ಹಲಸಿನ ಮರದ ಚೌಕಟ್ಟು ಮಾಡಿಸಿ ಹೊರಗಿನ ಮೇಜಿನ ಮೇಲೆ ಇಟ್ಟಿದ್ದೇನೆ. ಆಲ್ಬಮ್ಮಿಗೆ ಫೋಟೊ ಆರಿಸಲು ಬರುವವರು ಅದರಲ್ಲೇ ನೋಡುತ್ತಾರೆ. ಬಣ್ಣ ತಿದ್ದುವುದಕ್ಕೆ ಮಾತ್ರ ಅದನ್ನು ನಂಬಬಾರದು, ತಲೆ ಸ್ವಲ್ಪ ಬಗ್ಗಿಸಿದರೂ ಮೈಬಣ್ಣ ಬದಲಾಗುತ್ತದೆ.

ಬ್ಯಾಟರಿಯ ಆರು ಸೆಲ್ಲುಗಳಲ್ಲಿ ಎರಡು 2 ವೋಲ್ಟಿಗಿಂತ ಕೆಳಗಿದ್ದವು, ಅವನ್ನು ಇ-ತ್ಯಾಜ್ಯಕ್ಕೆ ಕೊಟ್ಟೆ. ಉಳಿದ ನಾಲ್ಕರಲ್ಲಿ ಒಂದು ಈಗ ತೋಟದ ಟಾರ್ಚಿನಲ್ಲಿದೆ.

ಎಸ್‌ಎಸ್‌ಡಿ, ಅಡಾಪ್ಟರ್, 2 ಟಿಬಿಯ ಹೊರಗಿನ ಡಿಸ್ಕ್, ಎರಡೂ ಬೋರ್ಡುಗಳು, ಎಲ್ಲ ಸೇರಿ ಹನ್ನೊಂದು ಸಾವಿರದ ಹತ್ತಿರ ಖರ್ಚಾಗಿದೆ. ಇದೇ ಕೆಲಸಕ್ಕೆಂದೇ ಬರುವ, ನೆಟ್‌ವರ್ಕಿಗೆ ಜೋಡಿಸುವ ಎರಡು ಡಿಸ್ಕಿನ ಹೊಸ ನ್ಯಾಸ್ ಪೆಟ್ಟಿಗೆಗೆ ನನಗೆ ಹೇಳಿದ್ದ ಬೆಲೆ ಇಪ್ಪತ್ತೆಂಟು ಸಾವಿರ. ಉಳಿದ ದುಡ್ಡಿನಲ್ಲಿ ಇನ್ನೊಂದು 2 ಟಿಬಿ ಡಿಸ್ಕ್ ಕೊಂಡು ಮನೆಯಲ್ಲಿ ಇಟ್ಟಿದ್ದೇನೆ; ಪ್ರತಿ ಭಾನುವಾರ ಅದನ್ನು ಸ್ಟುಡಿಯೊಗೆ ಒಯ್ದು, ಪ್ರತಿ ಮಾಡಿಕೊಂಡು ವಾಪಸ್ ತರುತ್ತೇನೆ.