ಎಳೆ ಮಗುವಿಗೆ ಮೂಳೆ ಮುರಿದಾಗ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ

ಹೀಗೆ ಆಯಿತು ಅಂತಿಟ್ಟುಕೊಳ್ಳಿ. ಆರು ತಿಂಗಳ ಮಗುವನ್ನು ಮಂಚದ ಮೇಲೆ ಮಲಗಿಸಿ ಅಜ್ಜಿ ಟವೆಲ್ ತರಲು ತಿರುಗಿದರು. ದೊಪ್ಪಂತ ಬಿತ್ತು. ಆಸ್ಪತ್ರೆಯಲ್ಲಿ ಸೊಸೆ, "ನನ್ನ ಕೈಯಿಂದಲೇ ಜಾರಿತು" ಎನ್ನುತ್ತಾಳೆ, ಅತ್ತೆಗೆ ಮಾತು ಬರಬಾರದು ಅಂತ. ಮಗನನ್ನು ಕೇಳಿದರೆ ಇನ್ನೊಂದು ಕಥೆ.

ದಯವಿಟ್ಟು ಹೀಗೆ ಮಾಡಬೇಡಿ. ಒಬ್ಬೊಬ್ಬರು ಒಂದೊಂದು ಹೇಳಿದರೆ, ಯಾರೋ ಬೇಕಂತಲೇ ಮಗುವಿಗೆ ಪೆಟ್ಟು ಮಾಡಿದ್ದಾರೆಂಬ ಅನುಮಾನ ಡಾಕ್ಟರಿಗೆ ಬರಬಹುದು. ನಡೆದದ್ದನ್ನು ನಡೆದ ಹಾಗೆಯೇ ಹೇಳಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕೆಂದು ಕೇಳಿ, ಅದಕ್ಕೆ ದುಡ್ಡಿಲ್ಲ.

ಡಾಕ್ಟರು ಮಗುವಿನ ವಯಸ್ಸು, ನೀವು ಹೇಳಿದ್ದು, ಎಕ್ಸ್‌-ರೇ ಎಲ್ಲವನ್ನೂ ಹೊಂದಿಸಿ ನೋಡುತ್ತಾರೆ. ನಡೆಯುವ ಮಗು ಕಾಲು ತಿರುಚಿ ಬಿದ್ದು ಮೊಣಕಾಲಿನ ಕೆಳಗೆ ಬಿರುಕು ಬಿಡುವುದು ಮಾಮೂಲಿ. ಇನ್ನೂ ಬೋರಲು ಬೀಳದ ಕೂಸಿನ ತೊಡೆ ಮೂಳೆ ಮುರಿದರೆ ಪ್ರಶ್ನೆ ಜಾಸ್ತಿ. ಆದರೆ ಮಗುವನ್ನು ಎತ್ತಿಕೊಂಡವರು ಮೆಟ್ಟಿಲಲ್ಲಿ ಜಾರಿದರೂ ತೊಡೆ ಮುರಿಯಬಹುದು, ಅಲ್ವಾ? ಅದಕ್ಕೇ ನಿಮ್ಮ ಮಾತಿಗೆ ಅಷ್ಟು ಬೆಲೆ. ಬೆನ್ನುಮೂಳೆಯ ಪಕ್ಕದಲ್ಲಿ ಪಕ್ಕೆಲುಬು ಮುರಿದಿದ್ದರೆ ಯಾರೋ ಎದೆಯನ್ನು ಎರಡೂ ಕೈಯಲ್ಲಿ ಬಲವಾಗಿ ಅದುಮಿದ್ದಾರೆ ಎಂಬ ಅನುಮಾನ ಬರುತ್ತದೆ. ಕೈಕಾಲಿನ ಮೂಳೆಯ ತುದಿಯಲ್ಲಿ ಸಣ್ಣ ಚೂರು ಕಿತ್ತುಬಂದಿದ್ದರೆ, ಎಳೆದದ್ದೋ ಜೋರಾಗಿ ಅಲುಗಾಡಿಸಿದ್ದೋ ಎಂದು ಕೇಳುತ್ತಾರೆ.

ಅನುಮಾನ ಬಂದರೆ, ಎರಡು ವರ್ಷದೊಳಗಿನ ಮಗುವಿಗೆ ಇಡೀ ಮೈಯ ಎಕ್ಸ್‌-ರೇ ತೆಗೆಯುತ್ತಾರೆ. ಸುಮಾರು ಎರಡು ವಾರ ಬಿಟ್ಟು ಮತ್ತೆ ಕರೆಯುತ್ತಾರೆ. ಹೊಸ ಬಿರುಕು ಕೆಲವೊಮ್ಮೆ ಕಾಣುವುದಿಲ್ಲ, ಮೂಳೆ ಕೂಡಿಕೊಳ್ಳುವಾಗ ಕಾಣುತ್ತದೆ. ಮಗು ಅವಧಿಗೆ ಮುಂಚೆ ಹುಟ್ಟಿದ್ದರೆ, ಮನೆತನದಲ್ಲಿ ಸುಲಭವಾಗಿ ಮೂಳೆ ಮುರಿಯುವವರಿದ್ದರೆ ನೀವಾಗಿಯೇ ತಿಳಿಸಿ. ಎದೆಹಾಲು ಕುಡಿಯುವ ಮಗುವಿಗೆ ದಿನಕ್ಕೆ 400 ಯೂನಿಟ್ ವಿಟಮಿನ್ ಡಿ ಹನಿ ತಪ್ಪಿಸಬೇಡಿ.

ಅನುಮಾನವಿದ್ದರೆ ಮಕ್ಕಳ ರಕ್ಷಣೆಯ ಇಲಾಖೆಗೆ ಡಾಕ್ಟರು ತಿಳಿಸಲೇಬೇಕು. ಎಲ್ಲ ರಾಜ್ಯಗಳಲ್ಲೂ ಇದೇ ಕಾನೂನು. ನಿಮ್ಮ ಮೇಲೆ ತಪ್ಪು ಹೊರಿಸಿದರು ಎಂದು ಇದರ ಅರ್ಥವಲ್ಲ. ವಕೀಲರ ಸಹಾಯ ಪಡೆಯಬಹುದು.

ನಮ್ಮ ಮಕ್ಕಳಿಗೆ ಸೊಂಟದ ಕೆಳಗೆ ಹುಟ್ಟಿನಿಂದಲೇ ನೀಲಿ ಮಚ್ಚೆ ಇರುವುದುಂಟು. ಪೆಟ್ಟಿನ ಗುರುತೆಂದು ತಿಳಿಯಬಾರದಲ್ಲ, ಮೊದಲ ಭೇಟಿಯಲ್ಲೇ ಅದನ್ನು ದಾಖಲೆಯಲ್ಲಿ ಬರೆಸಿ. ಎಣ್ಣೆ ಹಚ್ಚಿ ನೀರು ಹಾಕುವಾಗ ಕಾಲು ಹಿಡಿದು ತಲೆಕೆಳಗೆ ಎತ್ತುವುದು, ಕೈಕಾಲು ಜಗ್ಗುವುದು ಬೇಡ. ಅಜ್ಜಿಯಂದಿರಿಗೆ ಪ್ರೀತಿಯಿಂದಲೇ ಹೇಳಿ.

ಮಗು ಅಳು ನಿಲ್ಲಿಸದೆ ತಾಳ್ಮೆ ಕೆಟ್ಟರೆ ಅಂಗಾತ ತೊಟ್ಟಿಲಲ್ಲಿ ಮಲಗಿಸಿ, ಐದು ನಿಮಿಷ ಆಚೆ ನಿಲ್ಲಿ. ಕಾಲು ಆಡಿಸದಿದ್ದರೆ, ಡೈಪರ್ ಬದಲಿಸುವಾಗ ಕಿರುಚಿದರೆ, ಊತ ಕಂಡರೆ ನಾಳೆಗೆ ಕಾಯದೆ ಹೊರಡಿ. ಮಗುವಿಗೆ ಯಾರೋ ಹೊಡೆಯುತ್ತಿದ್ದಾರೆ ಅನ್ನಿಸಿದರೆ, ಅವರು ಮನೆಯವರೇ ಆಗಿದ್ದರೂ, ಮೊದಲು ಮಗುವನ್ನು ಅವರಿಂದ ದೂರ ಮಾಡಿ, ಇಲ್ಲಿನ ತುರ್ತು ಸಹಾಯದ ನಂಬರ್ 911ಕ್ಕೆ ಕರೆ ಮಾಡಿ.